ಕಟ್ಟಡದಲ್ಲಿ ಆಸ್ಬೆಸ್ಟಾಸ್ ಇದೆ ಎಂದರೆ ಎಷ್ಟು ಹೆದರಬೇಕು?

ಆಸ್ಬೆಸ್ಟಾಸ್ ಇರುವ ಕಟ್ಟಡದಲ್ಲಿ ವಾಸಿಸುವುದು ಅಪಾಯವೇ? ಹೌದು ಎಂದರೂ ತಪ್ಪಾಗುತ್ತದೆ, ಇಲ್ಲ ಎಂದರೂ ತಪ್ಪಾಗುತ್ತದೆ. ಚಾವಣಿಯ ಮೇಲೆ ಗಟ್ಟಿಯಾಗಿ ಕೂತಿರುವ ಸಿಮೆಂಟ್ ಶೀಟು ಕೆಳಗೆ ಮಲಗಿದವರಿಗೆ ವರ್ಷಗಟ್ಟಲೆ ಹೇಳಿಕೊಳ್ಳುವಂಥ ತೊಂದರೆ ಕೊಡದೆ ಇರಬಹುದು. ಅದೇ ಶೀಟಿಗೆ ಯಾರೋ ಒಬ್ಬರು ಕರೆಂಟಿನ ಗರಗಸ ಹಿಡಿದರೆ ಕೆಲವೇ ನಿಮಿಷಗಳಲ್ಲಿ ಲೆಕ್ಕ ಬದಲಾಗುತ್ತದೆ. ಈ ವಸ್ತುವಿಗೆ ವಿಪರೀತ ಹೆದರುವವರೂ ಅದನ್ನು ತೀರಾ ಹಗುರವಾಗಿ ಕಾಣುವವರೂ ಕೇಳದೆ ಬಿಡುವ ಪ್ರಶ್ನೆ ಒಂದೇ: ಅದರ ಎಳೆಗಳನ್ನು ಹಿಡಿದಿಟ್ಟಿರುವುದು ಏನು, ಆ ಹಿಡಿತವನ್ನು ಈಗ ಬಿಡಿಸುತ್ತಿರುವವರು ಯಾರು?

ಕಲ್ಲಿನೊಳಗಿನ ನಾರು

ಆಸ್ಬೆಸ್ಟಾಸ್ ಅಥವಾ ಕಲ್ನಾರು ಒಂದೇ ಖನಿಜವಲ್ಲ. ಎಳೆ ಎಳೆಯಾಗಿ ಬಿಡಿಸಿಕೊಳ್ಳುವ ಆರು ಸಿಲಿಕೇಟ್ ಖನಿಜಗಳಿಗೆ ವ್ಯಾಪಾರದಲ್ಲೂ ಕಾನೂನಿನಲ್ಲೂ ಸೇರಿಸಿ ಇಟ್ಟ ಹೆಸರು ಅದು. ಕಟ್ಟಡಗಳಲ್ಲಿ ಮುಖ್ಯವಾಗಿ ಸಿಗುವುದು ಮೂರು: ಬಿಳಿಯದು ಕ್ರೈಸೊಟೈಲ್, ಕಂದು ಬಣ್ಣದ್ದು ಅಮೊಸೈಟ್, ನೀಲಿಯದು ಕ್ರೊಸಿಡೊಲೈಟ್. ಬಿಳಿಯದರ ಎಳೆಗಳು ಸುರುಳಿ ಸುತ್ತಿಕೊಂಡಿರುತ್ತವೆ, ಬಾಗುತ್ತವೆ, ನೂಲಬಹುದು. ಕಂದು ಮತ್ತು ನೀಲಿ ಆಂಫಿಬೋಲ್ ಎಂಬ ಬೇರೆ ಗುಂಪಿನವು. ಅವುಗಳ ಎಳೆ ನೆಟ್ಟಗೆ, ಚೂಪಾಗಿ ಇರುತ್ತದೆ. ಜಗತ್ತು ಇದುವರೆಗೆ ಬಳಸಿದ್ದರಲ್ಲಿ ಶೇ 90ಕ್ಕೂ ಹೆಚ್ಚು ಪಾಲು ಬಿಳಿಯದು. ಅಂದಹಾಗೆ, ಈ ಬಣ್ಣದ ಹೆಸರುಗಳನ್ನು ನಂಬಿ ಕಣ್ಣಳತೆಯಲ್ಲಿ ಗುರುತಿಸಲು ಹೊರಡಬೇಡಿ. ಸಿಮೆಂಟಿನಲ್ಲೋ ಬಣ್ಣದಲ್ಲೋ ಬೆರೆತ ಮೇಲೆ ಯಾವ ಬಣ್ಣವೂ ಉಳಿದಿರುವುದಿಲ್ಲ.

ಇದು ಸುಡುವುದಿಲ್ಲ. ಕೊಳೆಯುವುದಿಲ್ಲ. ಶಾಖವನ್ನೂ ವಿದ್ಯುತ್ತನ್ನೂ ಸುಲಭವಾಗಿ ಹಾಯಿಸುವುದಿಲ್ಲ. ಎಳೆದರೆ ಅದೇ ದಪ್ಪದ ಉಕ್ಕಿನ ತಂತಿಗೆ ಸಾಟಿಯಾಗಿ ನಿಲ್ಲುತ್ತದೆ. ಇಷ್ಟೆಲ್ಲ ಗುಣಗಳಿದ್ದೂ ಅಗ್ಗ. ಒಬ್ಬ ಎಂಜಿನಿಯರ್ ಬಯಸುವ ಹೆಚ್ಚುಕಡಿಮೆ ಎಲ್ಲವೂ ನೆಲದಿಂದ ಅಗೆದು ತೆಗೆಯುವ ಒಂದೇ ವಸ್ತುವಿನಲ್ಲಿ ಸಿಕ್ಕಾಗ ಅದು ಎಲ್ಲ ಕಡೆ ಸೇರಿಕೊಂಡದ್ದರಲ್ಲಿ ಆಶ್ಚರ್ಯವೇನಿಲ್ಲ.

ಎಲ್ಲೆಲ್ಲಿ ಸೇರಿದೆ

ಕಟ್ಟಡದ ಮಟ್ಟಿಗೆ ದೊಡ್ಡ ತಿರುವು ಬಂದದ್ದು 1900ರ ಸುಮಾರಿಗೆ, ಆಸ್ಟ್ರಿಯಾದ ಲುಡ್ವಿಗ್ ಹಾಟ್ಷೆಕ್ ಅವರಿಂದ. ಕಾಗದ ತಯಾರಿಸುವ ಯಂತ್ರದ ತತ್ವವನ್ನೇ ಬಳಸಿ, ಸಿಮೆಂಟ್ ಮತ್ತು ಆಸ್ಬೆಸ್ಟಾಸನ್ನು ನೀರಿನಲ್ಲಿ ಕಲಸಿ, ತೆಳ್ಳನೆಯ ಪದರಗಳನ್ನು ಒಂದರ ಮೇಲೊಂದು ಹಾಯಿಸಿ ಹಾಳೆ ಮಾಡುವ ವಿಧಾನವನ್ನು ಅವರು ರೂಪಿಸಿದರು. ಈ ಶೀಟುಗಳಿಗೆ ಎಟರ್ನಿಟ್ ಎಂಬ ವ್ಯಾಪಾರದ ಹೆಸರು ಹುಟ್ಟಿದ್ದು ಆಗಲೇ. ಸಿಮೆಂಟಿಗೆ ಒತ್ತಡ ತಡೆಯುವ ಶಕ್ತಿ ಇದೆ, ಎಳೆತ ತಡೆಯುವ ಶಕ್ತಿ ಕಡಿಮೆ. ಬರೀ ಸಿಮೆಂಟಿನಲ್ಲಿ ತೆಳ್ಳನೆಯ ಶೀಟು ಮಾಡಿದರೆ ಎತ್ತುವಾಗಲೇ ಸೀಳುತ್ತದೆ. ಶೇ 10ರಿಂದ 15ರಷ್ಟು ಎಳೆ ಸೇರಿಸಿದರೆ ಸಾಕು, ಆ ಎಳೆತವನ್ನು ಅವು ಹೊರುತ್ತವೆ. ಅಲೆಅಲೆಯಾದ ಚಾವಣಿ ಶೀಟು, ಚಪ್ಪಟೆ ಗೋಡೆ ಹಲಗೆ, ನೀರಿನ ಪೈಪು, ಟ್ಯಾಂಕು, ಮಳೆನೀರಿನ ದೋಣಿ, ಹೊಗೆ ಕೊಳವೆ ಎಲ್ಲವೂ ಈ ಒಂದೇ ಉಪಾಯದಿಂದ ಬಂದವು.

ಇನ್ನೊಂದು ದೊಡ್ಡ ಬಳಕೆ ಬೆಂಕಿಗೆ ಸಂಬಂಧಿಸಿದ್ದು. ಉಕ್ಕು ಉರಿಯದಿದ್ದರೂ 550ರಿಂದ 600 ಡಿಗ್ರಿ ಸೆಲ್ಸಿಯಸ್ ಹೊತ್ತಿಗೆ ತನ್ನ ಶಕ್ತಿಯಲ್ಲಿ ಅರ್ಧದಷ್ಟನ್ನು ಕಳೆದುಕೊಳ್ಳುತ್ತದೆ. ಆದ್ದರಿಂದ ಉಕ್ಕಿನ ಹಂದರದ ಎತ್ತರದ ಕಟ್ಟಡಗಳಲ್ಲಿ ತೊಲೆಗಳ ಮೇಲೆ ಆಸ್ಬೆಸ್ಟಾಸ್ ಮಿಶ್ರಣವನ್ನು ಪಿಚಕಾರಿಯಂಥ ಯಂತ್ರದಿಂದ ದಪ್ಪಗೆ ಸಿಂಪಡಿಸುತ್ತಿದ್ದರು. ಬಾಯ್ಲರು ಮತ್ತು ಬಿಸಿನೀರಿನ ಕೊಳವೆಗಳಿಗೆ ಅದನ್ನೇ ಸುತ್ತಿ ಮೆತ್ತುತ್ತಿದ್ದರು. ಬೆಂಕಿ ತಡೆಯುವ ಬಾಗಿಲಿನೊಳಗೆ, ಫ್ಯೂಸ್ ಪೆಟ್ಟಿಗೆಯ ಹಿಂದೆ, ಲಿಫ್ಟಿನ ಬಾವಿಯ ಗೋಡೆಗೆ ಆಸ್ಬೆಸ್ಟಾಸ್ ಹಲಗೆಗಳನ್ನು ಹೊಡೆದರು.

ಉಳಿದವು ಸಣ್ಣಪುಟ್ಟ ಜಾಗಗಳು, ಆದರೆ ರಿಪೇರಿ ಮಾಡುವವರಿಗೆ ಎದುರಾಗುವುದು ಹೆಚ್ಚಾಗಿ ಅವೇ: ವಿನೈಲ್ ನೆಲಹಾಸು ಮತ್ತು ಅದರಡಿಯ ಕಪ್ಪು ಅಂಟು, ಉಬ್ಬುತಗ್ಗಿನ ಚಾವಣಿ ಬಣ್ಣ, ಕಿಟಕಿಯ ಪುಟ್ಟಿ, ಗ್ಯಾಸ್ಕೆಟ್, ಒಲೆಬಾಗಿಲಿನ ಹಗ್ಗ. 1950ರ ದಶಕದಲ್ಲಿ ಅಮೆರಿಕದ ಒಂದು ಸಿಗರೇಟಿನ ಫಿಲ್ಟರಿನಲ್ಲೂ ನೀಲಿ ಆಸ್ಬೆಸ್ಟಾಸ್ ಇತ್ತು, ಅದೂ ಆರೋಗ್ಯದ ಹೆಸರಿನಲ್ಲಿ. ಈ ವಸ್ತುವಿನ ಮೇಲೆ ಆಗ ಇದ್ದ ನಂಬಿಕೆಯನ್ನು ತೋರಿಸಲು ಅದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ.

ಹಿಡಿತ ಗಟ್ಟಿಯೋ, ಸಡಿಲವೋ

ಮೇಲಿನ ಎಲ್ಲದರಲ್ಲೂ ಆಸ್ಬೆಸ್ಟಾಸ್ ಇದೆ. ಆದರೂ ಎಲ್ಲವೂ ಒಂದೇ ಮಟ್ಟದ ಅಪಾಯವಲ್ಲ. ತಜ್ಞರು ಮೊದಲು ನೋಡುವುದು ವಸ್ತು ಕೈಯಲ್ಲಿ ಒತ್ತಿದರೆ ಪುಡಿಯಾಗುವಂಥದ್ದೇ ಎಂಬುದನ್ನು. (ಒತ್ತಿ ನೋಡುವ ಕೆಲಸ ನೀವು ಮಾಡಬೇಡಿ.)

ತೊಲೆಗೆ ಸಿಂಪಡಿಸಿದ ಲೇಪದಲ್ಲಿ ಕೆಲವೊಮ್ಮೆ ಶೇ 85ರವರೆಗೂ ಆಸ್ಬೆಸ್ಟಾಸ್ ಇರುತ್ತದೆ, ಅದನ್ನು ಹಿಡಿದಿಡುವ ಅಂಟು ಅತ್ಯಲ್ಪ. ನೀರು ಸೋರಿದರೆ, ಯಂತ್ರದ ಕಂಪನ ತಗುಲಿದರೆ, ಸುಳ್ಳುಚಾವಣಿಯ ಹಲಗೆಯೊಂದನ್ನು ಎತ್ತಿದರೂ ಎಳೆ ಉದುರುತ್ತದೆ. ಕೊಳವೆಗೆ ಮೆತ್ತಿದ ಪಟ್ಟಿಯೂ ಇದೇ ಸಾಲಿಗೆ ಸೇರಿದ್ದು. ನಂತರದ ಸ್ಥಾನ ಬೆಂಕಿ ತಡೆಯುವ ಮೆದು ಹಲಗೆಗಳದ್ದು. ನೋಡಲು ಸಾಮಾನ್ಯ ಜಿಪ್ಸಮ್ ಹಲಗೆಯ ಹಾಗೇ ಇರುವುದರಿಂದ ಕೆಲಸಗಾರರು ಮೋಸಹೋಗುವುದು ಇಲ್ಲೇ ಹೆಚ್ಚು. ಅವುಗಳಲ್ಲಿ ಕಂದು ಆಸ್ಬೆಸ್ಟಾಸ್ ಗಣನೀಯ ಪ್ರಮಾಣದಲ್ಲಿರುತ್ತದೆ, ಒಂದು ಮೊಳೆ ಹೊಡೆದರೂ ದೂಳು ಏಳುತ್ತದೆ. ಸಿಮೆಂಟ್ ಶೀಟು ಮತ್ತು ವಿನೈಲ್ ನೆಲಹಾಸಿನಲ್ಲಿ ಎಳೆಗಳು ಗಟ್ಟಿ ವಸ್ತುವಿನೊಳಗೆ ಹುದುಗಿರುತ್ತವೆ. ಕತ್ತರಿಸದೆ, ಕೊರೆಯದೆ, ಉಜ್ಜದೆ ಇದ್ದರೆ ಗಾಳಿಗೆ ಬರುವುದು ಬಹಳ ಕಡಿಮೆ.

ಸಿಮೆಂಟ್ ಶೀಟಿನ ವಿಷಯದಲ್ಲಿ ಎರಡು ಮಾತು ಹೆಚ್ಚಾಗಿ ಹೇಳಬೇಕು. ಗಟ್ಟಿ ಎಂದ ಮಾತ್ರಕ್ಕೆ ಅದು ಶಾಶ್ವತವಲ್ಲ. ಮಳೆನೀರು ವರ್ಷ ವರ್ಷವೂ ಮೇಲ್ಮೈಯ ಸಿಮೆಂಟನ್ನು ಸ್ವಲ್ಪ ಸ್ವಲ್ಪವೇ ಕರಗಿಸುತ್ತದೆ. ಪಾಚಿ, ಕಲ್ಲುಹೂವು ಬೇರೂರುತ್ತವೆ. ಸಿಮೆಂಟ್ ಹೋದ ಕಡೆ ಎಳೆಗಳು ಬರಿದಾಗಿ ಹೊರಗೆ ಕಾಣಿಸಿಕೊಳ್ಳುತ್ತವೆ, ಮಳೆಯ ಜೊತೆ ದೋಣಿಗೆ ಇಳಿದು ಅಲ್ಲಿನ ಕೆಸರಿನಲ್ಲಿ ಸೇರುತ್ತವೆ. ಹಳೆಯ ಶೀಟು ಕಪ್ಪಾಗಿದೆ ಎಂದು ತಂತಿಬ್ರಷ್ಷಿನಿಂದ ಉಜ್ಜುವುದು ಅಥವಾ ಜೋರು ನೀರಿನ ಯಂತ್ರದಿಂದ ತೊಳೆಯುವುದು ಆ ಸಡಿಲ ಪದರವನ್ನೇ ಕಿತ್ತು ಸುತ್ತಲೂ ಹರಡುತ್ತದೆ. ಸ್ವಚ್ಛತೆಗೆಂದು ಮಾಡುವ ಕೆಲಸಗಳಲ್ಲಿ ಇಷ್ಟು ಕೆಟ್ಟದ್ದು ಇನ್ನೊಂದಿಲ್ಲ ಎಂಬುದು ನನ್ನ ಅನಿಸಿಕೆ.

ಎರಡನೆಯ ಮಾತಿಗೂ ಎಳೆಗೂ ಸಂಬಂಧವಿಲ್ಲ. ಹಳೆಯ ಆಸ್ಬೆಸ್ಟಾಸ್ ಶೀಟಿನ ಚಾವಣಿ ಮನುಷ್ಯನ ಭಾರವನ್ನು ಹೊರುತ್ತದೆಂದು ನಂಬುವಂತಿಲ್ಲ. ಮೇಲೆ ಹತ್ತಿದವರು ಶೀಟು ಮುರಿದು ಕೆಳಗೆ ಬಿದ್ದು ಸಾಯುವುದು ಕಟ್ಟಡ ಕೆಲಸದ ಹಳೆಯ, ಪದೇ ಪದೇ ನಡೆಯುವ ದುರಂತ. ಕ್ಯಾನ್ಸರಿನ ಚರ್ಚೆಯಲ್ಲಿ ಇದು ಮರೆತೇಹೋಗುತ್ತದೆ.

ಒಳಗೆ ಹೋದ ಎಳೆ ಏನು ಮಾಡುತ್ತದೆ

ಆಸ್ಬೆಸ್ಟಾಸನ್ನು ಮುರಿದಾಗ ಅದು ಉರುಟು ಪುಡಿಯಾಗುವುದಿಲ್ಲ. ಉದ್ದಕ್ಕೆ ಸೀಳುತ್ತದೆ, ಸೀಳಿದಷ್ಟೂ ತೆಳ್ಳಗಾಗುತ್ತದೆ. ಗಾಳಿಯಲ್ಲಿ ತೇಲುವ ಅನೇಕ ಎಳೆಗಳ ದಪ್ಪ ಒಂದು ಮೈಕ್ರಾನಿಗೂ ಕಡಿಮೆ, ಎಂದರೆ ತಲೆಗೂದಲಿನ ದಪ್ಪದ ನೂರನೆಯ ಒಂದು ಪಾಲಿನ ಆಸುಪಾಸು. ಕಣ್ಣಿಗೆ ಕಾಣದು, ವಾಸನೆ ಇಲ್ಲ, ಕೆಮ್ಮೂ ಬರಿಸದು. ಮುಚ್ಚಿದ ಕೋಣೆಯಲ್ಲಿ ಗಂಟೆಗಟ್ಟಲೆ ತೇಲುತ್ತಿರುತ್ತದೆ.

ನಾವು ಉಸಿರಾಡುವ ದೂಳಿನ ದಪ್ಪ ಕಣಗಳನ್ನು ಮೂಗು, ಗಂಟಲು ಮತ್ತು ಶ್ವಾಸನಾಳದ ಲೋಳೆ ಹಿಡಿದು ಹೊರಹಾಕುತ್ತವೆ. ಉದ್ದ ಎಷ್ಟೇ ಇದ್ದರೂ ದಪ್ಪ ಕಡಿಮೆ ಇರುವುದರಿಂದ ಆಸ್ಬೆಸ್ಟಾಸ್ ಎಳೆ ಗಾಳಿಯ ಹರಿವಿನ ಉದ್ದಕ್ಕೂ ಜಾರಿ ಶ್ವಾಸಕೋಶದ ಕೊನೆಯ ಗಾಳಿಗೂಡಿನವರೆಗೆ ಇಳಿದುಬಿಡುತ್ತದೆ. ಅಲ್ಲಿ ಕಾವಲಿರುವುದು ಮ್ಯಾಕ್ರೋಫೇಜ್ ಎಂಬ ಕೋಶಗಳು. ಬಂದ ಕಣವನ್ನು ಪೂರ್ತಿ ನುಂಗಿ ಕರಗಿಸುವುದು ಅವುಗಳ ಕೆಲಸ. ಎಳೆ 15ರಿಂದ 20 ಮೈಕ್ರಾನಿಗಿಂತ ಉದ್ದವಿದ್ದರೆ ಅದು ಕೋಶಕ್ಕಿಂತಲೇ ಉದ್ದವಾಗುತ್ತದೆ. ಕೋಶ ಅದನ್ನು ಅರ್ಧ ನುಂಗಿ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಕಣವನ್ನು ನಾಶ ಮಾಡಲೆಂದು ಬಿಡುವ ತೀಕ್ಷ್ಣ ಆಮ್ಲಜನಕ ಸಂಯುಕ್ತಗಳೂ ಕಿಣ್ವಗಳೂ ಕೋಶದಿಂದ ಹೊರಗೆ ಚೆಲ್ಲಿ ಅಕ್ಕಪಕ್ಕದ ಅಂಗಾಂಶವನ್ನು ಸುಡುತ್ತವೆ. ಎಳೆಯಲ್ಲಿರುವ ಕಬ್ಬಿಣದ ಅಂಶ ಈ ಕ್ರಿಯೆಗೆ ಇನ್ನಷ್ಟು ಇಂಬು ಕೊಡುತ್ತದೆ. ಕೋಶ ಸಾಯುತ್ತದೆ, ಎಳೆ ಉಳಿಯುತ್ತದೆ, ಇನ್ನೊಂದು ಕೋಶ ಬಂದು ಅದೇ ಕೆಲಸಕ್ಕೆ ತೊಡಗುತ್ತದೆ. ಇದು ದಶಕಗಳ ಕಾಲ ನಡೆಯುವ ಉರಿಯೂತ.

ಇದರ ಫಲ ಹಲವು ಬಗೆ. ಹೆಚ್ಚು ದೂಳನ್ನು ವರ್ಷಗಟ್ಟಲೆ ಕುಡಿದವರ ಶ್ವಾಸಕೋಶದಲ್ಲಿ ಗಾಯದ ಕಲೆ ಹಬ್ಬಿ, ಮೆದುವಾಗಿ ಹಿಗ್ಗಬೇಕಾದ ಅಂಗ ಬಿರುಸಾಗುತ್ತದೆ. ಇದೇ ಆಸ್ಬೆಸ್ಟೋಸಿಸ್. ಮೊದಲು ಮೆಟ್ಟಿಲು ಹತ್ತುವಾಗ, ಆಮೇಲೆ ಕೂತಲ್ಲೇ ಏದುಸಿರು. ಶ್ವಾಸಕೋಶದ ಹೊರಪೊರೆಯಲ್ಲಿ ದಪ್ಪ ಮಚ್ಚೆಗಳು ಮೂಡುವುದುಂಟು. ಅವು ಸಾಮಾನ್ಯವಾಗಿ ತೊಂದರೆ ಕೊಡವು, ಆದರೆ ಎಳೆ ಒಳಗೆ ಹೋಗಿದೆ ಎಂಬುದಕ್ಕೆ ಗುರುತು. ಶ್ವಾಸಕೋಶದ ಕ್ಯಾನ್ಸರ್ ಮೂರನೆಯದು. ನಾಲ್ಕನೆಯದು ಮೀಸೋಥೀಲಿಯೋಮಾ, ಶ್ವಾಸಕೋಶದ ಹೊರಪೊರೆಯ ಅಥವಾ ಹೊಟ್ಟೆಯ ಒಳಪೊರೆಯ ಕ್ಯಾನ್ಸರ್. ಬೇರೆ ಕಾರಣಗಳಿಂದ ತೀರಾ ಅಪರೂಪವಾದ ಈ ರೋಗ ಕಂಡರೆ ವೈದ್ಯರು ಮೊದಲು ಕೇಳುವುದೇ ಆಸ್ಬೆಸ್ಟಾಸ್ ಬಗ್ಗೆ. ಗಂಟಲಗೂಡು ಮತ್ತು ಅಂಡಾಶಯದ ಕ್ಯಾನ್ಸರಿಗೂ ಇದು ಕಾರಣವಾಗುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಒಪ್ಪಿದೆ.

ಸಿಗರೇಟು ಇದಕ್ಕೆ ಸೇರಿದರೆ ಅಪಾಯ ಕೂಡುವುದಿಲ್ಲ, ಗುಣಿಸುತ್ತದೆ. ಅಮೆರಿಕದಲ್ಲಿ ಉಷ್ಣನಿರೋಧಕ ಹೊದಿಕೆ ಹಾಕುವ ಕೆಲಸಗಾರರ ಮೇಲಿನ ಪ್ರಸಿದ್ಧ ಅಧ್ಯಯನದ ಪ್ರಕಾರ, ಎರಡೂ ಇಲ್ಲದವರಿಗೆ ಹೋಲಿಸಿದರೆ ಬರೀ ಆಸ್ಬೆಸ್ಟಾಸ್ ದೂಳಿನಿಂದ ಶ್ವಾಸಕೋಶ ಕ್ಯಾನ್ಸರಿನ ಸಾವು ಸುಮಾರು 5 ಪಟ್ಟು, ಬರೀ ಧೂಮಪಾನದಿಂದ ಸುಮಾರು 10 ಪಟ್ಟು, ಎರಡೂ ಇದ್ದವರಲ್ಲಿ 50 ಪಟ್ಟಿಗೂ ಹೆಚ್ಚು. ಮೀಸೋಥೀಲಿಯೋಮಾಗೆ ಮಾತ್ರ ಧೂಮಪಾನದ ನಂಟಿಲ್ಲ.

ಬಿಳಿ ಆಸ್ಬೆಸ್ಟಾಸ್ ಅಪಾಯವಲ್ಲ ಎಂಬ ವಾದವನ್ನು ಉದ್ಯಮ ಬಹುಕಾಲದಿಂದ ಮುಂದಿಡುತ್ತಿದೆ. ಅದರಲ್ಲಿ ಒಂದು ಪಾಲು ನಿಜವೂ ಇದೆ: ಬಿಳಿ ಎಳೆ ಶ್ವಾಸಕೋಶದಲ್ಲಿ ಬೇಗ ಒಡೆದು ಕರಗುತ್ತದೆ, ಮೀಸೋಥೀಲಿಯೋಮಾ ತರುವ ಶಕ್ತಿ ನೀಲಿಗೂ ಕಂದಿಗೂ ಹೆಚ್ಚು. ಆದರೆ ಕಡಿಮೆ ಅಪಾಯ ಎಂದರೆ ಅಪಾಯವಿಲ್ಲ ಎಂದಾಗುವುದಿಲ್ಲ. ಆರೂ ಬಗೆಗಳು ಮನುಷ್ಯರಲ್ಲಿ ಕ್ಯಾನ್ಸರ್ ತರುತ್ತವೆ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯ ನಿಲುವು. ಸುರಕ್ಷಿತ ಎನ್ನಬಹುದಾದ ಕನಿಷ್ಠ ಮಟ್ಟ ಯಾವುದೂ ಗುರುತಾಗಿಲ್ಲ.

ಹಾಗೆಂದು ಒಮ್ಮೆ ಒಡೆದ ಶೀಟಿನ ಪಕ್ಕ ಹಾದುಹೋದವರು ನಿದ್ದೆಗೆಡಬೇಕಾಗಿಲ್ಲ. ಅಪಾಯ ಕುಡಿದ ದೂಳಿನ ಪ್ರಮಾಣಕ್ಕೆ ತಕ್ಕಂತೆ ಏರುತ್ತದೆ. ಒಂದೆರಡು ಸಲದ ಅಲ್ಪ ದೂಳಿನ ಪಾಲು ಬಹಳ ಸಣ್ಣದು. ದೂಳಿನಲ್ಲೇ ವೃತ್ತಿ ನಡೆಸಿದವರ ಲೆಕ್ಕ ಬೇರೆ. ಬ್ರಿಟನ್ನಿನಲ್ಲಿ 1940ರ ದಶಕದಲ್ಲಿ ಹುಟ್ಟಿ, 30 ವಯಸ್ಸಿಗೆ ಮುಂಚೆ ಹತ್ತು ವರ್ಷಕ್ಕೂ ಹೆಚ್ಚು ಬಡಗಿ ಕೆಲಸ ಮಾಡಿದವರಲ್ಲಿ ಸುಮಾರು 17ಕ್ಕೆ ಒಬ್ಬರಂತೆ ಮೀಸೋಥೀಲಿಯೋಮಾ ಬರುವ ಸಂಭವವಿತ್ತು ಎಂದು ಅಲ್ಲಿನ ಸಂಶೋಧಕರು ಕಂಡುಕೊಂಡರು. ಅವರು ಗಣಿಯವರಲ್ಲ, ಕಾರ್ಖಾನೆಯವರೂ ಅಲ್ಲ. ಹಲಗೆ ಕೊಯ್ದವರು.

ಮನೆಯವರೂ ತಪ್ಪಿಸಿಕೊಂಡಿಲ್ಲ. 1965ರಲ್ಲಿ ಲಂಡನ್ನಿನಲ್ಲಿ ಪ್ರಕಟವಾದ ಅಧ್ಯಯನವೊಂದು ಆಸ್ಬೆಸ್ಟಾಸ್ ಕೆಲಸಗಾರರ ಕುಟುಂಬದವರಲ್ಲೂ ಕಾರ್ಖಾನೆಯ ಸುತ್ತ ವಾಸವಿದ್ದವರಲ್ಲೂ ಮೀಸೋಥೀಲಿಯೋಮಾವನ್ನು ಗುರುತಿಸಿತು. ಕೆಲಸದ ಬಟ್ಟೆಯನ್ನು ಕೊಡವಿ ಒಗೆದ ಕೈಗಳು ಹೆಚ್ಚಾಗಿ ಹೆಂಗಸರವು.

ಗೊತ್ತಿದ್ದೂ ಹೆಚ್ಚಿದ ಬಳಕೆ

ಕೆಡುಕು ತಡವಾಗಿ ತಿಳಿಯಿತು ಎಂಬ ಮಾತು ಆಗಾಗ ಕೇಳಿಬರುತ್ತದೆ. ದಾಖಲೆ ಹಾಗೆ ಹೇಳುವುದಿಲ್ಲ. ಆಸ್ಬೆಸ್ಟಾಸ್ ಕಾರ್ಖಾನೆಯಲ್ಲಿ ದುಡಿದ ಹೆಣ್ಣುಮಗಳೊಬ್ಬಳ ಸಾವನ್ನು ಇಂಗ್ಲೆಂಡಿನ ವೈದ್ಯ ಡಬ್ಲ್ಯು. ಇ. ಕುಕ್ 1924ರಲ್ಲೇ ವೈದ್ಯಕೀಯ ಪತ್ರಿಕೆಯಲ್ಲಿ ವರದಿ ಮಾಡಿದ್ದರು. 1930ರಲ್ಲಿ ಆಸ್ಬೆಸ್ಟಾಸ್ ಕೆಲಸಗಾರರ ಶ್ವಾಸಕೋಶದ ರೋಗದ ಬಗ್ಗೆ ಬ್ರಿಟನ್ನಿನ ಕಾರ್ಖಾನೆ ತನಿಖಾಧಿಕಾರಿಗಳಾದ ಮೆರೆವೆದರ್ ಮತ್ತು ಪ್ರೈಸ್ ಅವರ ವರದಿ ಬಂತು, ಮರುವರ್ಷವೇ ಬ್ರಿಟನ್ ಕಾರ್ಖಾನೆಗಳ ದೂಳಿಗೆ ನಿಯಮ ಮಾಡಿತು. 1955ರಲ್ಲಿ ರಿಚರ್ಡ್ ಡಾಲ್ ಶ್ವಾಸಕೋಶ ಕ್ಯಾನ್ಸರಿನ ನಂಟನ್ನು ತೋರಿಸಿದರು. 1960ರಲ್ಲಿ ದಕ್ಷಿಣ ಆಫ್ರಿಕಾದ ಕ್ರಿಸ್ ವ್ಯಾಗ್ನರ್ ಮತ್ತು ಸಂಗಡಿಗರು 33 ಮೀಸೋಥೀಲಿಯೋಮಾ ರೋಗಿಗಳನ್ನು ವಿವರಿಸಿದರು. ಬಹುತೇಕ ಎಲ್ಲರಿಗೂ ನೀಲಿ ಆಸ್ಬೆಸ್ಟಾಸಿನ ಸಂಪರ್ಕವಿತ್ತು, ಕೆಲವರು ಗಣಿಯ ಹತ್ತಿರ ಬೆಳೆದವರಷ್ಟೇ. 1964ರಲ್ಲಿ ಅಮೆರಿಕದ ಇರ್ವಿಂಗ್ ಸೆಲಿಕಾಫ್ ಕಟ್ಟಡಗಳ ಉಷ್ಣನಿರೋಧಕ ಕೆಲಸಗಾರರ ಸಾವುಗಳ ಲೆಕ್ಕ ಕೊಟ್ಟರು. ಇಷ್ಟೆಲ್ಲ ಆದ ಮೇಲೂ ಜಗತ್ತಿನ ಉತ್ಪಾದನೆ ಏರುತ್ತಲೇ ಹೋಗಿ 1977ರಲ್ಲಿ ಸುಮಾರು 48 ಲಕ್ಷ ಟನ್ ಮುಟ್ಟಿತು.

ಇದಕ್ಕೆ ಲಾಭ ಒಂದು ಕಾರಣ, ಕಾಲ ಇನ್ನೊಂದು. ಮೀಸೋಥೀಲಿಯೋಮಾ ಕಾಣಿಸಿಕೊಳ್ಳಲು 20ರಿಂದ 50 ವರ್ಷ ಹಿಡಿಯುತ್ತದೆ. ಇಂದು ಹಲಗೆ ಕೊಯ್ದವನಿಗೆ ನಾಳೆ ಏನೂ ಆಗುವುದಿಲ್ಲ, ಹತ್ತು ವರ್ಷ ಕಳೆದರೂ ಆಗದಿರಬಹುದು. ಬ್ರಿಟನ್ ನೀಲಿ ಮತ್ತು ಕಂದು ಬಗೆಗಳನ್ನು 1985ರಲ್ಲಿ, ಬಿಳಿಯದನ್ನು 1999ರಲ್ಲಿ ನಿಷೇಧಿಸಿತು. ಆದರೂ ಅಲ್ಲಿ ಈಗಲೂ ವರ್ಷಕ್ಕೆ ಸುಮಾರು 5,000 ಜನ ಆಸ್ಬೆಸ್ಟಾಸ್ ಸಂಬಂಧಿ ರೋಗಗಳಿಂದ ಸಾಯುತ್ತಾರೆ. ಇಡೀ ಜಗತ್ತಿನಲ್ಲಿ ಕೆಲಸದ ಜಾಗದ ಆಸ್ಬೆಸ್ಟಾಸಿನಿಂದಲೇ ವರ್ಷಕ್ಕೆ 2 ಲಕ್ಷಕ್ಕೂ ಹೆಚ್ಚು ಸಾವು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು.

ನಿಷೇಧದ ಕಥೆಯೂ ಇಷ್ಟೇ ನಿಧಾನ. ಐಸ್‌ಲ್ಯಾಂಡ್ 1983ರಲ್ಲಿ, ಆಸ್ಟ್ರೇಲಿಯಾ 2003ರ ಕೊನೆಗೆ, ಯುರೋಪಿಯನ್ ಒಕ್ಕೂಟ 2005ರಲ್ಲಿ, ಒಂದು ಕಾಲದ ದೊಡ್ಡ ಉತ್ಪಾದಕ ಕೆನಡಾ 2018ರಲ್ಲಿ ಬಾಗಿಲು ಹಾಕಿದವು. ಅಮೆರಿಕದಲ್ಲಿ 1989ರ ನಿಷೇಧದ ಬಹುಪಾಲನ್ನು 1991ರಲ್ಲಿ ನ್ಯಾಯಾಲಯ ರದ್ದುಪಡಿಸಿತು. ಬಿಳಿ ಆಸ್ಬೆಸ್ಟಾಸಿನ ಮೇಲೆ ಮತ್ತೆ ನಿಷೇಧ ಬಂದದ್ದು 2024ರಲ್ಲಿ. ರಷ್ಯಾ, ಕಝಾಕಿಸ್ತಾನ, ಚೀನಾದಲ್ಲಿ ಗಣಿಗಾರಿಕೆ ನಡೆಯುತ್ತಲೇ ಇದೆ. ಅಪಾಯಕಾರಿ ರಾಸಾಯನಿಕಗಳ ವ್ಯಾಪಾರಕ್ಕೆ ಮುನ್ಸೂಚನೆ ಕಡ್ಡಾಯ ಮಾಡುವ ರಾಟರ್‌ಡ್ಯಾಮ್ ಒಪ್ಪಂದದ ಪಟ್ಟಿಯಲ್ಲಿ ಐದು ಬಗೆಗಳು ಸೇರಿವೆ. ಅತಿ ಹೆಚ್ಚು ಮಾರಾಟವಾಗುವ ಆರನೆಯದು, ಬಿಳಿಯದು, ಎಲ್ಲ ದೇಶಗಳ ಒಮ್ಮತ ಬೇಕೆಂಬ ನಿಯಮದಿಂದಾಗಿ ಪದೇ ಪದೇ ಹೊರಗುಳಿದಿದೆ.

ಇರುವುದನ್ನು ಏನು ಮಾಡುವುದು

ಕಟ್ಟಡ ನಿಷೇಧಕ್ಕೆ ಮುಂಚಿನದಾದರೆ, ಅಥವಾ ನಿಷೇಧವೇ ಇಲ್ಲದ ಕಡೆಯದಾದರೆ, ಅನುಮಾನದ ವಸ್ತುವನ್ನು ಆಸ್ಬೆಸ್ಟಾಸ್ ಎಂದೇ ಇಟ್ಟುಕೊಂಡು ನಡೆಯುವುದು ಜಾಣತನ. ಖಚಿತ ಉತ್ತರ ಪ್ರಯೋಗಾಲಯದ ಸೂಕ್ಷ್ಮದರ್ಶಕದಿಂದ ಮಾತ್ರ ಸಿಗುತ್ತದೆ. ಮಾದರಿ ತೆಗೆಯುವುದೂ ಒಡೆಯುವ ಕೆಲಸವೇ ಆದ್ದರಿಂದ ಅದನ್ನು ತಿಳಿದವರಿಗೆ ಬಿಡಬೇಕು.

ಇದೆ ಎಂದು ಗೊತ್ತಾದ ಕೂಡಲೇ ಕೀಳಿಸಲು ಹೊರಡುವುದು ಎಷ್ಟೋ ಸಲ ಹೆಚ್ಚಿನ ಅಪಾಯ. ವಸ್ತು ಗಟ್ಟಿಯಾಗಿದ್ದು, ಯಾರೂ ತಾಗದ ಜಾಗದಲ್ಲಿದ್ದರೆ ಹಾಗೇ ಬಿಡುವುದು, ಎಲ್ಲಿದೆ ಎಂದು ಬರೆದಿಡುವುದು, ಆಗಾಗ ನೋಡುತ್ತಿರುವುದು ಸಾಕು. ಮೇಲ್ಮೈ ಹಾಳಾಗತೊಡಗಿದ್ದರೆ ಲೇಪ ಬಳಿದು ಮುಚ್ಚಬಹುದು, ಹಲಗೆ ಹೊಡೆದು ಮರೆಮಾಡಬಹುದು. ಉದುರುತ್ತಿರುವ ಲೇಪ, ಕಿತ್ತುಬಂದ ಪಟ್ಟಿ, ಕೆಡವಲಿರುವ ಕಟ್ಟಡ ಇವಿಷ್ಟಕ್ಕೆ ತೆಗೆಯುವುದೇ ದಾರಿ. ಸಿಂಪಡಿಸಿದ ಲೇಪವನ್ನೂ ಕೊಳವೆಯ ಪಟ್ಟಿಯನ್ನೂ ಪರವಾನಗಿ ಮತ್ತು ತರಬೇತಿ ಇರುವ ತಂಡದ ಹೊರತು ಯಾರೂ ಮುಟ್ಟಬಾರದು; ಇಲ್ಲಿ ರಾಜಿ ಬೇಡ.

ಸಿಮೆಂಟ್ ಶೀಟು ಇಳಿಸುವವರು ಅದನ್ನು ಒದ್ದೆ ಮಾಡಿಕೊಂಡು, ಒಡೆಯದೆ, ಬೋಲ್ಟು ಬಿಡಿಸಿ ಇಡಿಯಾಗಿ ಕೆಳಗಿಳಿಸಬೇಕು. ಎಸೆಯಬಾರದು. ಬಟ್ಟೆ ಕಟ್ಟಿಕೊಂಡರೆ ಅಥವಾ ಶಸ್ತ್ರಚಿಕಿತ್ಸೆಯ ಮಾಸ್ಕ್ ಹಾಕಿದರೆ ಏನೂ ಉಪಯೋಗವಿಲ್ಲ; ಮುಖಕ್ಕೆ ಬಿಗಿಯಾಗಿ ಕೂರುವ, ಅತ್ಯುನ್ನತ ದರ್ಜೆಯ ಫಿಲ್ಟರ್ ಇರುವ ಉಸಿರುಗವಸು ಬೇಕು. ಬಿದ್ದ ಚೂರುಗಳನ್ನು ಪೊರಕೆಯಿಂದ ಗುಡಿಸಬಾರದು, ಸಾಮಾನ್ಯ ವ್ಯಾಕ್ಯೂಮ್ ಹಾಕಬಾರದು. ಅದು ದೂಳನ್ನು ಹಿಂದಿನಿಂದ ಇನ್ನೂ ನುಣ್ಣಗೆ ಉಗುಳುತ್ತದೆ. ಒದ್ದೆ ಬಟ್ಟೆಯಿಂದ ಒರೆಸಿ ಆ ಬಟ್ಟೆಯನ್ನೂ ಕಸದ ಜೊತೆಗೇ ಕಟ್ಟಬೇಕು. ಆಸ್ಬೆಸ್ಟಾಸ್ ಕೆಲಸ ಮಾಡಿದವರು ಉಸಿರಾಟದ ತೊಂದರೆಗೆ ವೈದ್ಯರ ಬಳಿ ಹೋದಾಗ, ಅದು ಎಷ್ಟು ಹಳೆಯ ಕೆಲಸವಾದರೂ ಸರಿ, ಬಾಯಿಬಿಟ್ಟು ಹೇಳಬೇಕು. ಒಳಗೆ ಹೋದ ಎಳೆಯನ್ನು ಹೊರತೆಗೆಯುವ ಚಿಕಿತ್ಸೆ ಇಲ್ಲ. ಸಿಗರೇಟು ಬಿಡುವುದರಿಂದ ಶ್ವಾಸಕೋಶ ಕ್ಯಾನ್ಸರಿನ ಅಪಾಯವಂತೂ ಇಳಿಯುತ್ತದೆ.

ಆಸ್ಬೆಸ್ಟಾಸ್ ಇಲ್ಲದ ಶೀಟುಗಳು ಈಗ ಸಿಗುತ್ತವೆ. ಹಾಟ್ಷೆಕ್ ಯಂತ್ರದ ವಿಧಾನವೇ ಮುಂದುವರಿದಿದೆ, ಎಳೆ ಮಾತ್ರ ಸೆಲ್ಯುಲೋಸ್ ಅಥವಾ ಪಾಲಿವಿನೈಲ್ ಆಲ್ಕೋಹಾಲಿನದು. ಅವನ್ನು ಕೊಯ್ಯುವಾಗಲೂ ಸಿಲಿಕಾ ದೂಳು ಏಳುತ್ತದೆ, ಅದಕ್ಕೂ ನೀರು ಮತ್ತು ಉಸಿರುಗವಸು ಬೇಕೇ ಬೇಕು.

ಕೊನೆಗೆ ಉಳಿಯುವುದು ಕಿತ್ತ ಕಸ. ಒಡೆದ ಶೀಟನ್ನು ದಾರಿಗೆ ಹಾಸುವುದು, ಗುಂಡಿ ತುಂಬಲು ಬಳಸುವುದು ಬಹಳ ಕಡೆ ನಡೆಯುತ್ತದೆ. ಓಡಾಡಿದಷ್ಟೂ ಅದು ಪುಡಿಯಾಗುತ್ತಲೇ ಇರುತ್ತದೆ. ಸುಡುವಂತೆಯೂ ಇಲ್ಲ: ಸಿಮೆಂಟ್ ಶೀಟು ಬೆಂಕಿಯಲ್ಲಿ ಪಟಪಟನೆ ಸಿಡಿದು ಚೂರುಗಳನ್ನು ದೂರಕ್ಕೆ ಎಸೆಯುತ್ತದೆ. ಅತಿ ಹೆಚ್ಚಿನ ಶಾಖದಲ್ಲಿ ಕರಗಿಸಿ ಎಳೆಯ ರಚನೆಯನ್ನೇ ನಾಶ ಮಾಡುವ ತಂತ್ರ ಇದೆ, ಆದರೆ ಅದಕ್ಕೆ ತಗಲುವ ಇಂಧನದ ಖರ್ಚು ದೊಡ್ಡದು. ಹಾಗಾಗಿ ಇಂದಿಗೂ ಹೆಚ್ಚಿನದನ್ನು ಎರಡು ಪದರ ಪ್ಲಾಸ್ಟಿಕ್ಕಿನಲ್ಲಿ ಕಟ್ಟಿ, ಗುರುತು ಹಚ್ಚಿ, ಅದಕ್ಕೆಂದೇ ಇರುವ ಜಾಗದಲ್ಲಿ ಹೂಳುತ್ತಾರೆ. ಮಣ್ಣಿನಲ್ಲಿ ಎಳೆ ಕೊಳೆಯದ ಕಾರಣ ಹೂತ ಜಾಗದ ನಕ್ಷೆಯನ್ನೂ ಜೋಪಾನವಾಗಿ ಇಡಬೇಕಾಗುತ್ತದೆ, ಮುಂದೊಮ್ಮೆ ಅಲ್ಲಿ ಅಡಿಪಾಯ ತೋಡಲು ಬರುವವರಿಗೆ ಅದು ಬೇಕು.